ಖಾಲಾ ಕ್ಲಿನಿಕ್‌ಗೆ ಒಂದು ವೆಬ್‌ಸೈಟ್

ನನ್ನ ಖಾಲಾ ಯುನಾನಿ ವೈದ್ಯೆ. ಬಿ.ಯು.ಎಂ.ಎಸ್. ಮುಗಿಸಿ ರಾಮನಗರದಲ್ಲಿ ಎರಡು ಕೋಣೆಯ ಕ್ಲಿನಿಕ್ ನಡೆಸುತ್ತಾರೆ. ಪಥ್ಯ ಹೇಳುವುದು, ಎಣ್ಣೆ ಮಾಲೀಶು, ಹಿಜಾಮಾ ಅಲ್ಲಿನ ಮುಖ್ಯ ಕೆಲಸ. ಬರುವವರಲ್ಲಿ ಹೆಚ್ಚಿನವರು ಹೆಂಗಸರು. ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದಿನವಿಡೀ ಬಿಸಿನೀರಿನ ಮುಂದೆ ಕುಳಿತು ಕೈ, ಭುಜ, ಸೊಂಟ ನೋಯಿಸಿಕೊಂಡವರು. ಈ ರಜೆಯಲ್ಲಿ ಕ್ಲಿನಿಕ್‌ಗೆ ವೆಬ್‌ಸೈಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಒಂದು ವಾರ ಕ್ಲಿನಿಕ್ ಫೋನಿನ ಪಕ್ಕ ಕುಳಿತು ಜನ ಕೇಳುವುದನ್ನು ಬರೆದುಕೊಂಡೆ. ಡಾಕ್ಟರ್ ಇದ್ದಾರಾ? ಲೇಡಿ ಡಾಕ್ಟರಾ? ಫೀಸ್ ಎಷ್ಟು? ಬಸ್ ಸ್ಟ್ಯಾಂಡಿನಿಂದ ಹೇಗೆ ಬರಬೇಕು? ಮತ್ತೆ ಮತ್ತೆ ಬಂದದ್ದು ಈ ನಾಲ್ಕೇ. ಆದ್ದರಿಂದ ಮೊದಲ ಪುಟದಲ್ಲಿ ಈ ನಾಲ್ಕಕ್ಕೂ ಉತ್ತರ ಹಾಕಿದೆ. ಮುಟ್ಟಿದರೆ ಕರೆ ಹೋಗುವಂತೆ ಫೋನ್ ನಂಬರ್, ಅದರ ಕೆಳಗೆ ಮ್ಯಾಪ್. ಹಳೆಯ ಮೊಬೈಲಿನಲ್ಲೂ ಬೇಗ ತೆರೆಯಲಿ ಎಂದು ಫೋಟೋ ಎರಡೇ, ಅವೂ ಚಿಕ್ಕವು. ರೋಗಿಗಳ ಫೋಟೋ ಒಂದೂ ಬೇಡ ಎಂದು ಖಾಲಾ ಮೊದಲೇ ಹೇಳಿದ್ದರು.

ಭಾಷೆಯ ಪ್ರಶ್ನೆಯೂ ಬಂತು. ನಮ್ಮ ಮನೆಮಾತು ಉರ್ದು. ಆದರೆ ಉರ್ದು ಮಾತಾಡುವ ಎಷ್ಟೋ ಜನ ಶಾಲೆಯಲ್ಲಿ ಓದಿದ್ದು ಕನ್ನಡ. ಹಾಗಾಗಿ ಕನ್ನಡ ಮೊದಲು, ಉರ್ದು ಎರಡನೆಯ ಪುಟ. ಉರ್ದು ಪುಟಕ್ಕೆ ಬಲದಿಂದ ಎಡಕ್ಕೆ ಎಂದು ಕೋಡ್‌ನಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ವಾಕ್ಯದ ಕೊನೆಯ ಚುಕ್ಕೆ ತಪ್ಪು ಕಡೆಗೆ ಹೋಗಿ ನಿಲ್ಲುತ್ತದೆ.

ಜಗಳ ಹತ್ತಿದ್ದು ಖಾಲು ಜೊತೆ. 'ಸಕ್ಕರೆ ಕಾಯಿಲೆ, ಲಕ್ವ ಗ್ಯಾರಂಟಿ ಗುಣ' ಎಂದು ದೊಡ್ಡದಾಗಿ ಹಾಕು ಎಂದರು. ನಾನು ಬರೆದದ್ದನ್ನು ನೋಡಿ, "ಐಸಾ ಲಿಖೇ ತೋ ಕೌನ್ ಆತಾ?" ಎಂದರು. ಅವರ ಚಿಂತೆ ಸುಳ್ಳಲ್ಲ; ಪ್ರತಿ ತಿಂಗಳು ಬಾಡಿಗೆ ಕಟ್ಟುವವರು ಅವರೇ. ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಮಧುಮೇಹ, ಪಾರ್ಶ್ವವಾಯು, ಕ್ಯಾನ್ಸರ್ ಮುಂತಾದ ರೋಗಗಳನ್ನು ಔಷಧದಿಂದ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ. ನಮ್ಮ ಬಿಸಿನೆಸ್ ಸ್ಟಡೀಸ್‌ನಲ್ಲಿ ಪ್ರಮೋಷನ್ ಒಂದು ಪಾಠದಲ್ಲಿದೆ, ಗ್ರಾಹಕನ ಮಾಹಿತಿ ಹಕ್ಕು ಇನ್ನೊಂದರಲ್ಲಿದೆ. ಎರಡೂ ಒಂದೇ ಪುಟದಲ್ಲಿ ಎದುರುಬದುರು ನಿಲ್ಲುತ್ತವೆ ಎಂದು ಅವತ್ತು ಕಂಡಿತು.

ಖಾಲಾ ಕಾನೂನಿನ ಮಾತೇ ಎತ್ತಲಿಲ್ಲ. ಅಂಥದ್ದೇ ಒಂದು ಜಾಹೀರಾತು ನಂಬಿ ಸಕ್ಕರೆ ಮಾತ್ರೆ ನಿಲ್ಲಿಸಿದ ಅಜ್ಜಿಯೊಬ್ಬರು ಕಾಲಿನ ಗಾಯ ಕಪ್ಪಾದ ಮೇಲೆ ಇವರ ಹತ್ತಿರ ಬಂದಿದ್ದರಂತೆ. ಕೂಡಲೇ ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದ್ದರು. "ನನ್ನ ಹೆಸರಿನ ಕೆಳಗೆ ಅಂಥ ಮಾತು ಇರಬಾರದು" ಎಂದಷ್ಟೇ ಹೇಳಿದರು. ಖಾಲು ಮತ್ತೆ ಮಾತಾಡಲಿಲ್ಲ.

ಖಾಲು ಕೇಳಿದ್ದ ಜಾಗದಲ್ಲಿ ಈಗ ಇರುವುದು ಇಷ್ಟು: 'ಈಗ ನುಂಗುತ್ತಿರುವ ಮಾತ್ರೆಗಳನ್ನು ನಿಲ್ಲಿಸಬೇಡಿ. ಹಳೆಯ ಚೀಟಿಗಳನ್ನೆಲ್ಲ ತನ್ನಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಇಲ್ಲಿಗೆ ಬರಬೇಡಿ, 108ಕ್ಕೆ ಕರೆ ಮಾಡಿ.'

ಗೆಳೆಯರೇ, ನಿಮ್ಮ ಮನೆಯಲ್ಲೂ ಟೈಲರಿಂಗ್, ಟ್ಯೂಷನ್, ಕ್ಲಿನಿಕ್ ಏನಾದರೂ ಇರಬಹುದು. ವೆಬ್‌ಸೈಟ್ ಮಾಡುವ ಮೊದಲು ಒಂದು ವಾರ ಫೋನ್ ಎತ್ತಿ, ಜನ ಏನು ಕೇಳುತ್ತಾರೆ ಎಂದು ಬರೆದುಕೊಳ್ಳಿ. ಸೈಟ್ ಬಂದ ಮೇಲೆ ಖಾಲಾ ಕ್ಲಿನಿಕ್‌ನಲ್ಲಿ ಜನಜಂಗುಳಿ ಏನೂ ಆಗಿಲ್ಲ. ಆದರೆ ಮೊನ್ನೆ ಬಂದ ಒಬ್ಬ ಹೆಂಗಸು ಕೇಳದೆಯೇ ಹಳೆಯ ಚೀಟಿಗಳ ಕವರನ್ನು ಮೇಜಿನ ಮೇಲೆ ಇಟ್ಟರು.