ಆರನೇ ನಂಬರಿನವನ ಹುಡುಕಾಟ

2004ರ ಜುಲೈ 31, ಶನಿವಾರ. ಮಿನಿಯಾಪೊಲಿಸ್‌ನ ಮೆಟ್ರೊಡೋಮ್ ಕ್ರೀಡಾಂಗಣದಲ್ಲಿ ಡಗ್ ಮೆಂಟ್‌ಕೇವಿಚ್ ತಮ್ಮ ಸಾಮಾನು ಕಟ್ಟಿಕೊಂಡು ಮಿನಿಸೋಟ ಟ್ವಿನ್ಸ್ ಬೇಸ್‌ಬಾಲ್ ತಂಡದ ಕೊಠಡಿಯಿಂದ ಅಂದಿನ ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಕೊಠಡಿಗೆ ನಡೆದರು. ಊರು ಅದೇ, ಮೈದಾನ ಅದೇ, ಬದಲಾದದ್ದು ಅಂಗಿಯೊಂದೇ. ಆ ಕೊಠಡಿಯಿಂದ ಹೊರಟವರು ನೊಮಾರ್ ಗಾರ್ಸಿಯಾಪಾರಾ. 1997ರಲ್ಲಿ ವರ್ಷದ ಅತ್ಯುತ್ತಮ ಹೊಸಬ, 1999 ಮತ್ತು 2000ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಕಿರೀಟ. ಪ್ರತಿ ಎಸೆತಕ್ಕೂ ಮುಂಚೆ ಕೈಗವಸಿನ ಪಟ್ಟಿಯನ್ನು ಎಳೆದೆಳೆದು ಬಿಗಿ ಮಾಡಿಕೊಳ್ಳುವ, ಬೂಟಿನ ತುದಿಯನ್ನು ನೆಲಕ್ಕೆ ಕುಟ್ಟುವ ಅವರ ಚಾಳಿಯನ್ನು ಬಾಸ್ಟನ್ನಿನ ಮಕ್ಕಳು ಗಲ್ಲಿಗಲ್ಲಿಯಲ್ಲಿ ನಕಲು ಮಾಡುತ್ತಿದ್ದರು. ಅಂಥವರನ್ನು ಷಿಕಾಗೊ ಕಬ್ಸ್ ತಂಡಕ್ಕೆ ಕೊಟ್ಟಾಗಿತ್ತು. ಅವರ ಜಾಗಕ್ಕೆ ಬರುತ್ತಿದ್ದವರು ಮಾಂಟ್ರಿಯಲ್ ಎಕ್ಸ್‌ಪೋಸ್‌ನ ಒರ್ಲಾಂಡೊ ಕಬ್ರೆರಾ. ಆ ವರ್ಷ ಅಲ್ಲಿ ಅವರ ಸರಾಸರಿ .246, ಅಂದರೆ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕೂಡ ಗ್ಯಾರಂಟಿ ಇಲ್ಲ.

ರಾಜನನ್ನು ಕೊಟ್ಟು ಪೇದೆಯನ್ನು ತಂದರು ಎಂದು ಊರೆಲ್ಲ ಬೈಯಿತು. ಆದರೆ ಆ ಸಂಜೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ಪೆನ್ಸಿಲಿನ ತುದಿ ಕಚ್ಚುತ್ತಾ, ಇದರಲ್ಲಿ ಏನೋ ಲೆಕ್ಕ ಇದೆಯಲ್ಲ ಎಂದು ಗೊಣಗಿಕೊಂಡವರೂ ಇದ್ದರು. ಈ ಬರಹ ಅವರ ಚಟದ ಬಗ್ಗೆ.

ಆಟ ನೋಡುವುದು ಒಂದು ಸುಖ, ಆಟಗಾರರನ್ನು ತೂಗುವುದು ಇನ್ನೊಂದು. ಬೇಸ್‌ಬಾಲ್ ಪ್ರಿಯರಿಗೆ ಜುಲೈ ತಿಂಗಳು ಈ ಎರಡನೆಯ ಸುಖದ ಸುಗ್ಗಿ. ವಿನಿಮಯಕ್ಕೆ ಗಡುವು ಇರಬೇಕೆಂಬ ನಿಯಮ ಬಂದದ್ದು 1923ರಲ್ಲಿ, ಆಗ ಅದು ಜೂನ್ 15. ಹಿಂದಿನ ವರ್ಷದ ಜುಲೈ ಕೊನೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಾಸ್ಟನ್ನಿನಿಂದ ಜೋ ಡೂಗನ್ ಅವರನ್ನು ಎತ್ತಿಕೊಂಡು ಪ್ರಶಸ್ತಿಯ ಪೈಪೋಟಿಯನ್ನೇ ಕೆಡಿಸಿತೆಂದು ಉಳಿದವರು ಕೂಗಾಡಿದ್ದರ ಫಲ ಅದು. 1986ರಿಂದ ಗಡುವು ಜುಲೈ 31ಕ್ಕೆ ಜರುಗಿತು. 2004ರಲ್ಲಿ ಕೊನೆಯ ಗಳಿಗೆ ಅಮೆರಿಕದ ಪೂರ್ವ ತೀರದ ಸಂಜೆ ನಾಲ್ಕು ಗಂಟೆ, ಬೆಂಗಳೂರಿನಲ್ಲಿ ನಡುರಾತ್ರಿ ಒಂದೂವರೆ. ಆ ಗಳಿಗೆ ದಾಟುವವರೆಗೆ ಚಟಗಾರನಿಗೆ ಬೇರೆ ಲೋಕವಿಲ್ಲ. ನಮ್ಮ ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರಲ್ಲ, ಆಗ ಪಕ್ಕದಲ್ಲಿ ನಿಂತು ಯಾವ ಬೆರಳು ಮಡಚಿರಬಹುದು ಎಂದು ಊಹಿಸುವವನ ಕುತೂಹಲ ಇವನದು. ಎತ್ತು ಇವನದಲ್ಲ, ದುಡ್ಡೂ ಇವನದಲ್ಲ.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ಪೂರ್ತಿ ಹೊಸದಲ್ಲ. 2009ರಲ್ಲಿ ರಾಬಿನ್ ಉತ್ತಪ್ಪ ಮುಂಬೈನಿಂದ ಬೆಂಗಳೂರಿಗೆ, ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಅದಲುಬದಲಾಗಿದ್ದರು. ಅದು ಟೂರ್ನಿಗೆ ಮುಂಚಿನ ಮಾತು. ಬೇಸ್‌ಬಾಲ್‌ನಲ್ಲಿ ಇದು ನಡೆಯುವುದು ಆಟದ ನಟ್ಟನಡುವೆ, ನೂರು ಪಂದ್ಯ ಮುಗಿದು ಅರವತ್ತು ಬಾಕಿ ಇರುವಾಗ.

ತೂಗುವ ಆಟದಲ್ಲಿ ಎಲ್ಲ ಸ್ಥಾನಗಳೂ ಒಂದೇ ರುಚಿಯವಲ್ಲ. ಪಿಚರ್‌ನನ್ನು ತರುವುದು ಸುಲಭದ ಲೆಕ್ಕ, ಎಸೆದದ್ದು ಕಣ್ಣಿಗೆ ಕಾಣುತ್ತದೆ. ಗಾರ್ಸಿಯಾಪಾರಾ, ಕಬ್ರೆರಾ ಇಬ್ಬರೂ ಆಡುತ್ತಿದ್ದ ಶಾರ್ಟ್‌ಸ್ಟಾಪ್ ಜಾಗ ಹಾಗಲ್ಲ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ, ತನ್ನದೆನ್ನುವ ಬೇಸೇ ಇಲ್ಲದೆ ನಿಲ್ಲುವವನು ಅವನು. ಸ್ಕೋರ್ ಪುಸ್ತಕದಲ್ಲಿ ಅವನ ನಂಬರು ಆರು. ಬಲಗೈ ಬ್ಯಾಟರ್‌ಗಳು ಎಳೆದು ಬಾರಿಸಿದ ಚೆಂಡು ನೆಲ ಸವರಿಕೊಂಡು ಅವನತ್ತಲೇ ಧಾವಿಸುತ್ತದೆ. ಓಟಗಾರ ತೊಂಬತ್ತು ಅಡಿ ಓಡಿ ಮೊದಲ ಬೇಸ್ ಮುಟ್ಟಲು ನಾಲ್ಕು ಸೆಕೆಂಡಿಗೆ ತುಸು ಹೆಚ್ಚು ಸಾಕು. ಅಷ್ಟರೊಳಗೆ ಚೆಂಡಿನತ್ತ ಓಡಬೇಕು, ಬಾಗಬೇಕು, ಹಿಡಿಯಬೇಕು, ಗವಸಿನಿಂದ ಕಿತ್ತು ಮೈದಾನದ ಆ ತುದಿಗೆ ಎಸೆಯಬೇಕು. ಕ್ರಿಕೆಟ್ ಕಣ್ಣಿಗೆ ಹೇಳುವುದಾದರೆ, ಪಾಯಿಂಟಿನಲ್ಲಿ ಜಾಂಟಿ ರೋಡ್ಸ್ ಎಂದಾದರೊಮ್ಮೆ ಮಾಡಿದ್ದನ್ನು ಈತ ದಿನಗೂಲಿಯಂತೆ ಮಾಡಬೇಕು.

ಹೀಗಾಗಿ ಬ್ಯಾಟ್ ಬೀಸಲು ಬಾರದಿದ್ದರೂ ಈ ಜಾಗದಲ್ಲಿ ಬದುಕಿದವರಿದ್ದಾರೆ. ಬಾಲ್ಟಿಮೋರ್‌ನ ಮಾರ್ಕ್ ಬೆಲಾಂಜರ್ 18 ಋತು ಆಡಿದರು. ಜೀವಮಾನದ ಸರಾಸರಿ .228, ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಎಂಟು. ಇದೇ ಕಾರಣಕ್ಕೆ ಶಾರ್ಟ್‌ಸ್ಟಾಪ್‌ನ ತೂಕ ಸುಲಭಕ್ಕೆ ಸಿಗುವುದಿಲ್ಲ. ಅವನು ಹೊಡೆದ ಹಿಟ್ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಅವನು ತಡೆದ ಹಿಟ್ ಎಲ್ಲಿಯೂ ಬರುವುದಿಲ್ಲ.

ಆ ಕಾಣದ ಹಿಟ್‌ಗಳನ್ನು ಎಣಿಸಬಹುದೆಂದು ಹಟ ಹಿಡಿದವರಲ್ಲಿ ಒಬ್ಬರು ಬಿಲ್ ಜೇಮ್ಸ್. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ, ಬೀನ್ಸ್ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯುತ್ತಾ ಅಂಕಿಗಳ ಜೊತೆ ಆಡಿಕೊಂಡಿದ್ದ ಮನುಷ್ಯ. 1977ರಲ್ಲಿ ‘ಬೇಸ್‌ಬಾಲ್ ಆಬ್‌ಸ್ಟ್ರಾಕ್ಟ್’ ಎಂಬ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದಾಗ ಕೊಂಡವರು ನೂರು ಮಂದಿಯೂ ಇರಲಿಲ್ಲ. ಫೀಲ್ಡರ್ ಎಷ್ಟು ತಪ್ಪು ಮಾಡಿದ ಎಂದಲ್ಲ, ಎಷ್ಟು ಚೆಂಡು ಮುಟ್ಟಿದ ಎಂದು ಕೇಳಿ ಎನ್ನುವುದು ಅವರ ವಾದ. ತಪ್ಪು ಮಾಡಲಿಕ್ಕೂ ಚೆಂಡಿನ ಹತ್ತಿರ ಹೋಗಿರಬೇಕಲ್ಲ! 2002ರ ಕೊನೆಯಲ್ಲಿ ಬಾಸ್ಟನ್ ತಂಡವೇ ಈ ಹವ್ಯಾಸಿಯನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಚಟಗಾರರ ಕುಲಕ್ಕೆ ಅದು ಹಬ್ಬದ ದಿನ.

ಈಗ ಪೆನ್ಸಿಲ್ ಹಿಡಿಯೋಣ. ಹತ್ತು ರನ್ ಹೆಚ್ಚಾದರೆ, ಅದು ಹೊಡೆದ ರನ್ ಆಗಲಿ ತಡೆದ ರನ್ ಆಗಲಿ, ಸುಮಾರಾಗಿ ಒಂದು ಗೆಲುವು ಹೆಚ್ಚು ಎನ್ನುವುದು ಈ ಲೆಕ್ಕದ ಮಗ್ಗಿ. ಬರುವ ಶಾರ್ಟ್‌ಸ್ಟಾಪ್ ಇರುವವನಿಗಿಂತ ವರ್ಷಕ್ಕೆ 30 ರನ್ ಮೇಲು ಎಂದಿಟ್ಟುಕೊಳ್ಳಿ. ಅದೇನು ಸಣ್ಣ ಅಂತರವಲ್ಲ, ಸಾಧಾರಣ ಆಟಗಾರನಿಗೂ ತಾರೆಗೂ ಇರುವಷ್ಟು. ಆದರೆ 162 ಪಂದ್ಯಗಳಲ್ಲಿ ಉಳಿದಿರುವುದು 60. ಮೂವತ್ತು ರನ್ನಿನಲ್ಲಿ ಕೈಗೆ ಸಿಗುವುದು ಹನ್ನೊಂದು. ಇಷ್ಟೆಲ್ಲ ಫೋನು, ನಿದ್ದೆಗೇಡು, ಬೈಗುಳ ಎಲ್ಲವೂ ಒಂದೇ ಒಂದು ಗೆಲುವಿಗಾಗಿ.

ಒಂದು ಗೆಲುವು ಎಂದು ಮೂಗು ಮುರಿಯುವವರನ್ನು ಬಾಸ್ಟನ್ನಿಗೆ ಕರೆದೊಯ್ದು 1978 ಎಂದು ಉಸುರಿದರೆ ಸಾಕು. ಆ ವರ್ಷ 162 ಪಂದ್ಯ ಮುಗಿದಾಗ ಬಾಸ್ಟನ್ನಿಗೂ ಯಾಂಕೀಸ್‌ಗೂ ತಲಾ 99 ಗೆಲುವು. ಅಕ್ಟೋಬರ್ 2ರಂದು ಒಂದು ಹೆಚ್ಚುವರಿ ಪಂದ್ಯ ಆಡಬೇಕಾಯಿತು. ಅದನ್ನು ತಿರುಗಿಸಿದ್ದು ಮೂರು ರನ್ನಿನ ಒಂದು ಹೋಂ ರನ್. ಹೊಡೆದವರು ಬಕಿ ಡೆಂಟ್. ಇಡೀ ಋತುವಿನಲ್ಲಿ ಅವರ ಬ್ಯಾಟಿನಿಂದ ಬಂದ ಹೋಂ ರನ್ ಐದೇ ಐದು. ಅವರೂ ಶಾರ್ಟ್‌ಸ್ಟಾಪ್, ಅವರೂ ವಿನಿಮಯದಲ್ಲಿ ಷಿಕಾಗೊದಿಂದ ಬಂದವರು.

ಈಗ 2004ರ ತಕ್ಕಡಿಗೆ ಮರಳಬಹುದು. ಒಂದು ತಟ್ಟೆಯಲ್ಲಿ ಗಾರ್ಸಿಯಾಪಾರಾ. ಹಿಮ್ಮಡಿಯ ನರ ನೋಯಿಸಿಕೊಂಡು ಋತುವಿನ ಮೊದಲ 57 ಪಂದ್ಯ ಆಡಿರಲಿಲ್ಲ. ಹಿಂತಿರುಗಿದ ಮೇಲೆ ಬ್ಯಾಟ್ ಎಂದಿನಂತೆ ಮಾತಾಡಿತು, ಕಾಲು ಮಾತಾಡಲಿಲ್ಲ. ತಂಡ ಮುಂದಿಟ್ಟ ನಾಲ್ಕು ವರ್ಷ, ಆರು ಕೋಟಿ ಡಾಲರಿನ ಒಪ್ಪಂದವನ್ನು ಅವರು ಹಿಂದಿನ ವರ್ಷ ಒಲ್ಲೆ ಎಂದಿದ್ದರು. ಆ ಚಳಿಗಾಲದಲ್ಲಿ ಅಲೆಕ್ಸ್ ರಾಡ್ರಿಗೆಜ್ ಅವರನ್ನು ತರಲು ತಂಡ ಹೊರಟಾಗ ತಮ್ಮನ್ನು ಸಾಗಹಾಕುವ ಯೋಜನೆಯೂ ಸಿದ್ಧವಾಗಿತ್ತು ಎಂಬುದು ಅವರಿಗೆ ಗೊತ್ತಿತ್ತು. ಋತು ಮುಗಿದರೆ ಒಪ್ಪಂದವೂ ಮುಗಿಯುತ್ತಿತ್ತು. ಮುನಿಸಿಕೊಂಡ ಅಳಿಯ ಹಬ್ಬ ಮುಗಿಯುವ ತನಕ ಮನೆಯಲ್ಲಿದ್ದಾನೆ ಎಂಬಂಥ ಸ್ಥಿತಿ.

ಇನ್ನೊಂದು ತಟ್ಟೆಯಲ್ಲಿ ಕಬ್ರೆರಾ. 2001ರಲ್ಲಿ ಗೋಲ್ಡ್ ಗ್ಲೋವ್ ಗೆದ್ದ ಕೈಗಳು. ಅವರ ಒಪ್ಪಂದವೂ ಅದೇ ಶರತ್ಕಾಲದಲ್ಲಿ ಮುಗಿಯುತ್ತಿತ್ತು. ಮಾಂಟ್ರಿಯಲ್ ತಂಡವೋ ಆಗ ಒಡೆಯನಿಲ್ಲದ ಮನೆ. ಲೀಗೇ ಅದನ್ನು ಕೊಂಡು ನಡೆಸುತ್ತಿತ್ತು, ಮರುವರ್ಷ ಅದು ವಾಷಿಂಗ್ಟನ್‌ಗೆ ಗುಳೆ ಹೋಯಿತು. ಬಾಸ್ಟನ್ನಿನ ಜನರಲ್ ಮ್ಯಾನೇಜರ್ ಥಿಯೊ ಎಪ್‌ಸ್ಟೀನ್‌ಗೆ ಆಗ ಮೂವತ್ತು ವರ್ಷ. ರನ್ ಹೊಡೆಯುವವರು ತಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಸೋರುತ್ತಿರುವುದು ಮೈದಾನದ ಒಳವಲಯ ಎಂದು ಅವರು ಕಂಡುಕೊಂಡಿದ್ದರು. ಆದ್ದರಿಂದಲೇ ನಾಲ್ಕು ತಂಡಗಳನ್ನು ಹೆಣೆದ ಆ ವ್ಯವಹಾರದಲ್ಲಿ ಶಾರ್ಟ್‌ಸ್ಟಾಪ್ ಜೊತೆಗೆ ಮೊದಲ ಬೇಸಿಗೆ ಮೆಂಟ್‌ಕೇವಿಚ್ ಅವರನ್ನೂ ತಂದರು. ಒಬ್ಬ ಚೆನ್ನಾಗಿ ಎಸೆದರೆ ಸಾಲದು, ಆ ಕಡೆ ಹಿಡಿಯುವವನೂ ಬೇಕು. ಅದೇ ದಿನ ಬೇರೊಂದು ಸಣ್ಣ ವ್ಯವಹಾರದಲ್ಲಿ ಓಟದ ಕುದುರೆ ಡೇವ್ ರಾಬರ್ಟ್ಸ್ ಬಂದದ್ದನ್ನು ಗಮನಿಸಿದವರು ಕಡಿಮೆ.

ಕಬ್ರೆರಾ ಬಾಸ್ಟನ್ ಅಂಗಿಯಲ್ಲಿ ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಂ ರನ್ ಹೊಡೆದರು. ಆಗಸ್ಟ್ 1ರಿಂದ ಉಳಿದ 60 ಪಂದ್ಯಗಳಲ್ಲಿ ತಂಡ 42 ಗೆದ್ದಿತು. ಲೀಗ್ ಫೈನಲ್ಲಿನಲ್ಲಿ ಯಾಂಕೀಸ್ ಎದುರು 0–3ರಿಂದ ಹಿಂದೆ ಬಿದ್ದು, ನಾಲ್ಕನೇ ಪಂದ್ಯದಲ್ಲಿ ರಾಬರ್ಟ್ಸ್ ಕದ್ದ ಒಂದು ಬೇಸಿನಿಂದ ಮರುಜೀವ ಪಡೆದು, 1918ರ ನಂತರ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಇದೆಲ್ಲ ಶಾರ್ಟ್‌ಸ್ಟಾಪ್ ಬದಲಾದದ್ದರಿಂದಲೇ ಆಯಿತೆಂದರೆ ಪೆನ್ಸಿಲ್ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಒಂದೇ ಗೆಲುವು ತಾನೆ? ಆದರೂ ಆ ದಿನದ ತೂಕ ಸರಿಯಾಗಿತ್ತು ಎನ್ನಲು ಕಪ್ ಗೆಲ್ಲಬೇಕಿರಲಿಲ್ಲ. ಎಪ್‌ಸ್ಟೀನ್ ತೂಗಿದ್ದು ಆಟಗಾರರ ಹೆಸರನ್ನಲ್ಲ, ತಮ್ಮ ಮನೆಯ ತೂತನ್ನು.

ಅದೇ ಲೆಕ್ಕ ಡೆಟ್ರಾಯಿಟ್‌ನಲ್ಲಿ ಕೈಕೊಟ್ಟದ್ದೂ ಉಂಟು. 2013ರ ಜುಲೈ ಕೊನೆಯಲ್ಲಿ ಟೈಗರ್ಸ್ ತಂಡದ ಶಾರ್ಟ್‌ಸ್ಟಾಪ್ ಜಾನಿ ಪೆರಾಲ್ಟಾ ಮೇಲೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ನಿಷೇಧ ತೂಗುತ್ತಿತ್ತು, ಅದು 50 ಪಂದ್ಯಗಳದ್ದಾಯಿತು. ಮುಂಜಾಗ್ರತೆಗೆ ಬಾಸ್ಟನ್ನಿನಿಂದ ಹೊಸೆ ಇಗ್ಲೇಸಿಯಾಸ್ ಅವರನ್ನು ತಂದರು. ಕ್ಯೂಬಾದ ಈ ಹುಡುಗನ ಫೀಲ್ಡಿಂಗ್ ನೋಡಲೆಂದೇ ಟಿಕೆಟ್ ಕೊಳ್ಳಬಹುದಿತ್ತು. ಅಕ್ಟೋಬರಿನಲ್ಲಿ ಲೀಗ್ ಫೈನಲ್ಲಿನ ಆರನೇ ಪಂದ್ಯ, ಎದುರಿಗೆ ಬಾಸ್ಟನ್ನೇ. ಏಳನೇ ಇನಿಂಗ್ಸ್‌ನಲ್ಲಿ ಎರಡನೇ ಬೇಸಿನತ್ತ ಉರುಳಿದ ಚೆಂಡು ಆ ಬಂಗಾರದ ಕೈಯಿಂದಲೇ ಜಾರಿತು. ಮುಂದಿನ ಬ್ಯಾಟರ್ ಷೇನ್ ವಿಕ್ಟೋರಿನೊ ಗ್ರ್ಯಾಂಡ್ ಸ್ಲಾಮ್, ಅಂದರೆ ನಾಲ್ಕು ರನ್ನಿನ ಹೋಂ ರನ್, ಹೊಡೆದರು. ಟೈಗರ್ಸ್ ಮನೆಗೆ ಹೋಯಿತು. ತರುವ ನಿರ್ಧಾರ ತಪ್ಪೇ? ಈ ಬರಹದ ತೀರ್ಪು: ಅಲ್ಲ. ನೂರು ಸಲ ಅಂಥ ಚೆಂಡು ಬಂದರೆ ಹೆಚ್ಚು ಸಲ ಹಿಡಿಯುವವರು ಅವರೇ.

ನಿಜವಾದ ಎಡವಟ್ಟು ಬರುವವನನ್ನು ತೂಗುವಲ್ಲಿ ಆಗುವುದಿಲ್ಲ, ಹೋಗುವವನನ್ನು ತೂಗುವಲ್ಲಿ ಆಗುತ್ತದೆ. ಇಪ್ಪತ್ತರ ಹುಡುಗನೊಬ್ಬ ಸಣ್ಣ ಊರಿನ ಮೈನರ್ ಲೀಗಿನಲ್ಲಿ ಆಡುತ್ತಿರುತ್ತಾನೆ. ಅವನನ್ನು ನೋಡಿದವರು ಕಡಿಮೆ, ಕೊಟ್ಟರೆ ಅಳುವವರಿಲ್ಲ. ಆಟಗಾರನಿಗೆ ಮುಕ್ತ ಮಾರುಕಟ್ಟೆ ಸಿಗುವುದು ದೊಡ್ಡ ಲೀಗಿನಲ್ಲಿ ಆರು ವರ್ಷ ಸವೆಸಿದ ಮೇಲೆ. ಹಾಗಾಗಿ ಆ ಹುಡುಗನೆಂದರೆ ಆರು ವರ್ಷದ ಬೆಳೆ. ಎರಡು ತಿಂಗಳ ಬಾಡಿಗೆಗೆ ಆರು ವರ್ಷದ ಹೊಲ ಬರೆದುಕೊಡುವುದು ಜುಲೈ ತಿಂಗಳ ಜ್ವರ.

2014ರ ಜುಲೈ ಮೊದಲ ವಾರ ಓಕ್‌ಲ್ಯಾಂಡ್ ತಂಡ ಇಡೀ ಲೀಗಿನಲ್ಲೇ ಮುಂದಿತ್ತು. ಪಿಚರ್‌ಗಳು ಸಾಲರೆಂದು ಷಿಕಾಗೊ ಕಬ್ಸ್‌ನಿಂದ ಜೆಫ್ ಸಮಾರ್ಜಾ ಮತ್ತು ಜೇಸನ್ ಹ್ಯಾಮಲ್ ಅವರನ್ನು ತಂದು, ಇಪ್ಪತ್ತು ವರ್ಷದ ಶಾರ್ಟ್‌ಸ್ಟಾಪ್ ಆ್ಯಡಿಸನ್ ರಸೆಲ್ ಅವರನ್ನು ಕೊಟ್ಟಿತು. ಕಬ್ಸ್ ಕಡೆ ತಕ್ಕಡಿ ಹಿಡಿದು ಕೂತವರು ಅದೇ ಎಪ್‌ಸ್ಟೀನ್. ಓಕ್‌ಲ್ಯಾಂಡ್ ಹೇಗೋ ಪ್ಲೇಆಫ್ ಮುಟ್ಟಿ ಮೊದಲ ಪಂದ್ಯದಲ್ಲೇ ಕ್ಯಾನ್ಸಸ್ ಸಿಟಿಗೆ 9–8ರಿಂದ ಸೋತಿತು. ರಸೆಲ್ 2016ರ ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ ಗ್ರ್ಯಾಂಡ್ ಸ್ಲಾಮ್ ಸೇರಿ ಆರು ರನ್ ತಂದುಕೊಟ್ಟರು. ಕಬ್ಸ್ 1908ರ ನಂತರ ಮೊದಲ ಕಪ್ ಎತ್ತಿತು. ಹ್ಯಾಮಲ್ ಅಷ್ಟರಲ್ಲಿ ತಾವಾಗಿಯೇ ಕಬ್ಸ್‌ಗೆ ವಾಪಸಾಗಿದ್ದರು! ಆದರೆ ಖಾತೆ ಅಲ್ಲಿಗೂ ಮುಗಿಯಲಿಲ್ಲ. ಓಕ್‌ಲ್ಯಾಂಡ್ 2014ರ ಚಳಿಗಾಲದಲ್ಲೇ ಸಮಾರ್ಜಾ ಅವರನ್ನು ಷಿಕಾಗೊ ವೈಟ್ ಸಾಕ್ಸ್‌ಗೆ ದಾಟಿಸಿ ಪಡೆದವರಲ್ಲಿ ಮಾರ್ಕಸ್ ಸೆಮಿಯನ್ ಇದ್ದರು. ಅವರು ಓಕ್‌ಲ್ಯಾಂಡಿನ ಶಾರ್ಟ್‌ಸ್ಟಾಪ್ ಆಗಿ 2019ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನ ಮತದಾನದಲ್ಲಿ ಮೂರನೆಯವರಾದರು. ಚಟಗಾರ ಹಳೆಯ ಕಾಗದ ಎಸೆಯದಿರುವುದು ಇಂಥ ಕಾರಣಕ್ಕೆ.

ಮಿಕ್ಕ ಉದಾಹರಣೆಗಳನ್ನು ಬೇಗ ಮುಗಿಸಬಹುದು. 2018ರಲ್ಲಿ ಶಾರ್ಟ್‌ಸ್ಟಾಪ್ ಕೋರಿ ಸೀಗರ್ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದಾಗ ಲಾಸ್ ಏಂಜಲೀಸ್ ಡಾಡ್ಜರ್ಸ್ ಐದು ಹುಡುಗರನ್ನು ಕೊಟ್ಟು ಮ್ಯಾನಿ ಮಚಾಡೊ ಅವರನ್ನು ತಂದಿತು. ವರ್ಲ್ಡ್ ಸೀರೀಸಿನ ಕೊನೆಯ ಔಟ್ ಅವರದೇ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎರಡು ತಿಂಗಳಿಗೆ ಹಾವಿ ಬಾಯೆಸ್ ಅವರನ್ನು ತಂದು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಎಂಬ ಹುಡುಗನನ್ನು ಕಬ್ಸ್‌ಗೆ ಕೊಟ್ಟಿತು. ಮೆಟ್ಸ್ ಪ್ಲೇಆಫ್ ಮುಟ್ಟಲಿಲ್ಲ. ಆ ಹುಡುಗ 2025ರಲ್ಲಿ ಕಬ್ಸ್‌ನ ಆಲ್‌ಸ್ಟಾರ್.

2004ರ ವರ್ಲ್ಡ್ ಸೀರೀಸಿನ ಕೊನೆಯ ಚೆಂಡು ಸೇಂಟ್ ಲೂಯಿಸ್ ತಂಡದ ಎಡ್ಗರ್ ರೆಂಟೆರಿಯಾ ಅವರ ಬ್ಯಾಟಿಗೆ ತಾಗಿ ಪಿಚರ್ ಕೈಗೆ ಪುಟಿದು, ಅಲ್ಲಿಂದ ಮೆಂಟ್‌ಕೇವಿಚ್ ಅವರ ಗವಸಿಗೆ ಬಂತು. ರೆಂಟೆರಿಯಾ ಕೂಡ ಶಾರ್ಟ್‌ಸ್ಟಾಪ್, ಕಬ್ರೆರಾ ಅವರಂತೆಯೇ ಕೊಲಂಬಿಯಾದವರು. ಆ ಡಿಸೆಂಬರಿನಲ್ಲಿ ಬಾಸ್ಟನ್ ಕಬ್ರೆರಾ ಅವರನ್ನು ಬಿಟ್ಟು, ನಾಲ್ಕು ಕೋಟಿ ಡಾಲರಿಗೆ ರೆಂಟೆರಿಯಾ ಅವರನ್ನೇ ತಂದುಕೊಂಡಿತು. ಮೊದಲ ವರ್ಷವೇ 30 ತಪ್ಪು ಮಾಡಿದ ಅವರನ್ನು ಅಟ್ಲಾಂಟಾಗೆ ಸಾಗಿಸಿತು. 2006ಕ್ಕೆ ಅಲೆಕ್ಸ್ ಗೊನ್ಸಾಲೆಸ್, 2007ಕ್ಕೆ ಹೂಲಿಯೊ ಲೂಗೊ. 2009ರ ಆಗಸ್ಟ್‌ನಲ್ಲಿ, ಮತ್ತೆ ಋತುವಿನ ನಡುವೆ, ಅದೇ ಗೊನ್ಸಾಲೆಸ್ ಅವರನ್ನು ಸಿನ್ಸಿನಾಟಿಯಿಂದ ವಾಪಸು ಕರೆತಂದಿತು. 2010ರ ಮಾರ್ಚ್‌ನಲ್ಲಿ ಗಾರ್ಸಿಯಾಪಾರಾ ಬಾಸ್ಟನ್ ಜೊತೆ ಒಂದೇ ಒಂದು ದಿನದ ಒಪ್ಪಂದಕ್ಕೆ ಸಹಿ ಹಾಕಿ, ರೆಡ್ ಸಾಕ್ಸ್ ಆಟಗಾರನಾಗಿಯೇ ನಿವೃತ್ತಿ ಹೇಳಿದರು.