ಅಬ್ಬಾನ ಗಾಡಿಯ ಹಿಂದೆ ಕೂತು

ಈ ಸಲ ದಸರಾ ರಜೆಗೆ ಕುಷ್ಟಗಿಗೆ ಹೋದಾಗ ನನಗೆ ಎರಡು ಚಿಂತೆ ಇದ್ದವು. ಒಂದು, ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ಸೇರ್ಪಡೆಯ ಅಧ್ಯಾಯ ಇನ್ನೂ ತಲೆಗೆ ಹತ್ತಿರಲಿಲ್ಲ. ಇನ್ನೊಂದು, ಹಾಸ್ಟೆಲ್‌ನ ಎರಡನೇ ಕಂತು ಆರು ಸಾವಿರ ರೂಪಾಯಿ ಕಟ್ಟಬೇಕಿತ್ತು. ಮೊದಲನೆಯದು ಅಬ್ಬಾಗೆ ಹೇಳಿದರೂ ತಿಳಿಯುವುದಿಲ್ಲ ಅಂದುಕೊಂಡೆ. ಎರಡನೆಯದನ್ನು ಹೇಳಲು ಬಾಯಿ ಬರಲಿಲ್ಲ, ಅಮ್ಮಿಗೆ ಹೇಳಿದೆ. ರಾತ್ರಿ ಊಟ ಮಾಡುವಾಗ ಅಬ್ಬಾ, "ನಾಳೆ ನನ್ನ ಜೊತೆ ವಸೂಲಿಗೆ ಬರ್ತೀಯಾ ಬೇಟಾ?" ಅಂದರು. ನಮ್ಮ ಮನೆಮಾತು ಉರ್ದು. ಓದುವವರಿಗೆ ತಿಳಿಯಲಿ ಅಂತ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಬ್ಬಾ ಹಳ್ಳಿಹಳ್ಳಿಗೆ ಬೈಕಿನ ಮೇಲೆ ಹೋಗಿ ಸೀರೆ, ಲುಂಗಿ, ಚಾದರ ಮಾರುತ್ತಾರೆ. ಸೀರೆ ಕೊಟ್ಟ ದಿನ ನೂರೋ ಇನ್ನೂರೋ ಕೈಗೆ ಬರುತ್ತದೆ. ಉಳಿದದ್ದು ಸುಗ್ಗಿಗೆ. ಹೈಸ್ಕೂಲಿನಲ್ಲಿದ್ದಾಗ ಯಾರಾದರೂ "ಸೀರಿ ಸಾಬನ ಮಗಳು" ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಅಬ್ಬಾ ವ್ಯಾಪಾರಸ್ಥರು ಅಂತ ಹೇಳಿ ಮಾತು ತಿರುಗಿಸುತ್ತಿದ್ದೆ.

ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಅಬ್ಬಾ ಹಿಂದೆ ತಿರುಗಿ, ಬುರ್ಖಾದ ಅಂಚು ಗಾಲಿಗೆ ಸಿಗದ ಹಾಗೆ ಮಡಚಿಕೊಂಡಿದ್ದೀನಾ ಅಂತ ನೋಡಿದರು. ಚಿಕ್ಕವಳಿದ್ದಾಗ ನಾನು ಟ್ಯಾಂಕಿನ ಮೇಲೆ ಕೂರುತ್ತಿದ್ದೆ. ಈಗ ಆ ಜಾಗದಲ್ಲಿ ಸೀರೆ ಗಂಟು ಇತ್ತು. ಖಾತೆ ಪುಸ್ತಕ ನನ್ನ ಕೈಯಲ್ಲಿ.

ಹನುಮಸಾಗರದ ದಾರಿ ಹಿಡಿದೆವು. ಗಂಗಾವತಿಯಲ್ಲಿ ಓದುವ ನಮಗೆ ಹೊಲ ಅಂದರೆ ಕಾಲುವೆ ನೀರು, ಭತ್ತ, ರೈಸ್ ಮಿಲ್. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಅಲ್ಲಿನ ರೈತರ ಮನೆಗಳಲ್ಲಿ ಎಷ್ಟು ಭಯ ಇತ್ತು ಅಂತ ಗೆಳತಿಯರು ಹೇಳುತ್ತಾರೆ. ನಮ್ಮ ಕಡೆ ಹೆಚ್ಚಿನ ಹೊಲಗಳಿಗೆ ಗೇಟೂ ಇಲ್ಲ, ಕಾಲುವೆಯೂ ಇಲ್ಲ. ಮಸಾರಿ ಹೊಲದಲ್ಲಿ ಸಜ್ಜೆ, ಎರೆ ಹೊಲದಲ್ಲಿ ಜೋಳ, ಮೇಲೆ ಆಕಾಶ. ಮಳೆ ಬಂದರೆ ಬೆಳೆ ಬರುತ್ತದೆ, ಬೆಳೆ ಬಂದರೆ ಅಬ್ಬಾನ ಬಾಕಿ ಬರುತ್ತದೆ.

ದಾರಿಯಲ್ಲಿ ಖಾತೆ ತೆರೆದು ನೋಡಿದೆ. ಅಬ್ಬಾ ಉರ್ದುವಿನಲ್ಲಿ ಬರೆಯುತ್ತಾರೆ. ಜಮಾ, ಬಾಕಿ, ವಸೂಲ್, ರಸೀದ್. ನಮ್ಮ ಕನ್ನಡ ಪುಸ್ತಕದಲ್ಲೂ ಇವೇ ಶಬ್ದಗಳು! ಮೊದಲ ವರ್ಷ ಕನ್ನಡದಲ್ಲಿ ಲೆಕ್ಕಶಾಸ್ತ್ರ ಹೇಗೆ ಓದಲಿ ಅಂತ ಅತ್ತಿದ್ದೆ. ಅರಬ್ಬಿ, ಫಾರಸಿಯಿಂದ ಬಂದ ಈ ಮಾತುಗಳು ಮೊದಲಿಂದಲೂ ನಮ್ಮ ಮನೆಯಲ್ಲೇ ಇದ್ದವು. ಆದರೆ ಕೆಲವು ಹೆಸರುಗಳ ಮುಂದೆ ಎಷ್ಟೋ ತಿಂಗಳಿಂದ ಜಮಾ ಇರಲಿಲ್ಲ. ನಾನು ಅಬ್ಬಾನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ: "ಇವೆಲ್ಲ ಸಂಶಯಾಸ್ಪದ ಸಾಲ ಅಬ್ಬಾ. ನಮ್ಮ ಪುಸ್ತಕದ ಲೆಕ್ಕಗಳಲ್ಲಿ ಇದಕ್ಕೆ ಶೇ. 5 ಮೀಸಲು ಇಡ್ತಾರೆ. ಬರದೇ ಇದ್ದರೆ ಹೊಡೆದು ಹಾಕ್ತಾರೆ. ನೀವು ಗಟ್ಟಿಯಾಗಿ ಕೇಳಬೇಕು." ಅಬ್ಬಾ ಏನೂ ಅನ್ನಲಿಲ್ಲ. ಗಾಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ.

ಮೊದಲ ಎರಡು ಹಳ್ಳಿಗಳಲ್ಲಿ ಐವತ್ತು, ನೂರು ಹೀಗೆ ಬಂತು. ಗೃಹಲಕ್ಷ್ಮಿಯ ಎರಡು ಸಾವಿರ ಜಮಾ ಆದವರು ಮುನ್ನೂರು ಕೊಟ್ಟರು. ಗಂಟು ಮಾತ್ರ ಬಿಚ್ಚಲಿಲ್ಲ. "ಸೀರಿ ಬ್ಯಾಡ್ರಿ ಸಾಬ್ರ, ಮೊನ್ನೆ ಕುಷ್ಟಗಿಗೆ ಹೋದಾಗ ತಂದೀವಿ" ಅಂದರು ಒಬ್ಬರು. 2023ರ ಜೂನ್‌ನಿಂದ ಬಸ್ಸು ಹೆಂಗಸರಿಗೆ ಪುಕ್ಕಟೆ. ಪೇಟೆಗೆ ಹೋಗಿ ಹತ್ತು ಅಂಗಡಿ ನೋಡಿ ತರುತ್ತಾರೆ, ಅದರಲ್ಲಿ ತಪ್ಪೇನು? ನಾನೂ ಅದೇ ಶೂನ್ಯ ಟಿಕೆಟ್ ತಗೊಂಡು ಕನಕಗಿರಿ, ತಾವರಗೇರಾ ದಾಟಿ ಮನೆಗೆ ಬಂದವಳು. ನನ್ನನ್ನು ಮನೆಗೆ ತಂದ ಟಿಕೆಟ್ಟೇ ಅಬ್ಬಾನ ಗಂಟನ್ನು ಕಟ್ಟಿದ್ದ ಹಾಗೇ ಇಟ್ಟಿದೆ ಅಂತ ಅವತ್ತು ತಿಳಿಯಿತು.

ಮೂರನೇ ಹಳ್ಳಿಯಲ್ಲಿ ಒಂದು ಮನೆ ಮುಂದೆ ಗಾಡಿ ನಿಂತಿತು. ಅಬ್ಬಾ ಇಳಿಯಲಿಲ್ಲ. "ಇಲ್ಲಿ ನೀನೇ ಹೋಗಿ ಬಾ" ಅಂದರು. ಖಾತೆಯಲ್ಲಿ 1,400 ಬಾಕಿ, ಕೊನೆಯ ಜಮಾ ಹೋದ ವರ್ಷದ ಯುಗಾದಿಗೆ.

ಒಳಗೆ ಒಬ್ಬ ಅಜ್ಜಿ ಸಜ್ಜೆ ಕೇರುತ್ತಿದ್ದರು. "ಸಾಬಣ್ಣನ ಮಗಳೇನವ್ವಾ? ಬಾ, ಕುಂದ್ರು" ಅಂತ ನೀರು ಕೊಟ್ಟರು. ಮಗ ಸೊಸೆ ಮಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸ. ಮೊಮ್ಮಕ್ಕಳಿಬ್ಬರು ಇಲ್ಲೇ. ನಾನು ಇನ್ನೂ ದುಡ್ಡಿನ ಮಾತು ಎತ್ತಿರಲಿಲ್ಲ. ಅವರೇ ಎದ್ದು ಗೂಡಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರಲ್ಲಿ ಖಾಲಿಯಾದ ಮಾತ್ರೆಯ ಪಟ್ಟಿ ಮತ್ತು ನೂರರ ಎರಡು ನೋಟು. "ಗುಳಿಗಿ ತರಾಕ ಇಟ್ಟಿದ್ದೆ. ಮೊದಲ ನಿಮ್ಮದು ತೀರ್ಲಿ, ತಗೋ" ಅಂದರು.

ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಆರು ಸಾವಿರ ನೆನಪಾಯಿತು. ಬೆಳಿಗ್ಗೆ ಅಬ್ಬಾಗೆ ಹೇಳಿದ ಮಾತೂ ನೆನಪಾಯಿತು. "ಬ್ಯಾಡ ಅಜ್ಜಿ, ಮೊದಲ ಗುಳಿಗಿ ತರಿಸ್ಕೊಳ್ರಿ" ಅಂದು ಹೊರಗೆ ಬಂದೆ.

ಊರು ದಾಟುವ ತನಕ ಸುಮ್ಮನಿದ್ದೆ. ಗಾಡಿಯ ಮೇಲೆ ಒಂದು ಅನುಕೂಲ, ಮಾತಾಡುವಾಗ ಅಪ್ಪನ ಮುಖ ಕಾಣುವುದಿಲ್ಲ. "ಅಬ್ಬಾ, ಅವರು ಇನ್ನೂರು ಕೊಡ್ತಿದ್ದರು. ನಾನೇ ಬಿಟ್ಟು ಬಂದೆ" ಅಂದೆ. ದುಡ್ಡು ಅವರದು, ಬಿಟ್ಟು ಬರಲು ನಾನ್ಯಾರು ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಅಬ್ಬಾ ಒಂದು ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದರು. "ನಾನು ಹೋದರೂ ಕೊಡ್ತಾರೆ. ಅದಕ್ಕೇ ಎಂಟು ತಿಂಗಳಿಂದ ಆ ಬಾಗಿಲಿಗೆ ಹೋಗಿಲ್ಲ. ಈ ಸಲ ನಿನ್ನ ಕಂತು ಇತ್ತು, ಅದಕ್ಕೆ ನಿಲ್ಲಿಸಿದೆ. ಆದರೂ ಇಳಿಯೋಕೆ ಆಗಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಕುರ್‌ಆನ್‌ನಲ್ಲಿ ಎಲ್ಲಕ್ಕಿಂತ ಉದ್ದದ ಆಯತ್ ಯಾವುದರ ಬಗ್ಗೆ, ಗೊತ್ತಾ?" ಗೊತ್ತಿರಲಿಲ್ಲ. ಬಕರ ಸೂರಾದ 282ನೇ ಆಯತ್, ಸಾಲವನ್ನು ಬರೆದಿಡುವುದರ ಬಗ್ಗೆ ಅಂದರು. ಅದಕ್ಕೆ ಎರಡೇ ಆಯತ್ ಹಿಂದೆ, ಸಾಲಗಾರ ಕಷ್ಟದಲ್ಲಿದ್ದರೆ ಸಮಯ ಕೊಡಬೇಕು ಅಂತ ಇದೆಯಂತೆ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದಂತೆ.

"ಹಾಗಾದರೆ ಹೊಡೆದು ಹಾಕಲಾ?" ಅಂದೆ.

"ಬೇಡ. ಹೊಡೆದು ಹಾಕಿದರೆ ಅಜ್ಜಿಗೆ ಅವಮಾನ. ಅವರು ಕೊಡ್ತೀನಿ ಅಂದಿದ್ದಾರಲ್ಲ. ಇವತ್ತಿನ ತಾರೀಖು ಹಾಕು, ಮುಂದೆ ಖಾಲಿ ಬಿಡು."

ಹಾಗೇ ಬರೆದೆ. ಲೆಕ್ಕಶಾಸ್ತ್ರ ಅಬ್ಬಾಗೆ ತಿಳಿಯುವುದಿಲ್ಲ ಅಂತ ಅಂದುಕೊಂಡಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಸಂಜೆ ಲೆಕ್ಕ ಹಾಕಿದಾಗ 2,350 ರೂಪಾಯಿ ಆಗಿತ್ತು. ಮುಂದಿನ ಮೂರು ದಿನ ಅಬ್ಬಾ ಒಬ್ಬರೇ ಹೋದರು. ಕಡಿಮೆ ಬಿದ್ದದ್ದನ್ನು ಅಮ್ಮಿ ಚೀಟಿ ದುಡ್ಡಿನಿಂದ ಕೊಟ್ಟರು.

ರಜೆ ಮುಗಿಸಿ ಬಂದು ಕಂತು ಕಟ್ಟುವಾಗ ನನ್ನ ಹತ್ತಿರ ಇದ್ದದ್ದು ಹೆಚ್ಚಾಗಿ ಐವತ್ತರ, ನೂರರ ನೋಟು. ಎಣಿಸಲು ಹೊತ್ತು ಹಿಡಿಯಿತು. ಹಿಂದೆ ನಿಂತವರು "ಫೋನ್‌ಪೇ ಮಾಡಬಾರದಾ?" ಅಂತ ಗೊಣಗಿದರು. ಮುಂಚೆ ಆಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಅವತ್ತು ಎಲ್ಲವನ್ನೂ ಇನ್ನೊಂದು ಸಲ ಎಣಿಸಿ, ರಸೀದಿ ತಗೊಂಡು, ನಿಧಾನವಾಗಿ ಬಂದೆ.