ತೊಪ್ಪೂರಿನ ಇಳಿಜಾರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕಂಪ್ಯೂಟರ್ ಆಟವೊಂದರ ಪ್ರಸ್ತಾಪ ಬರುವುದು ಕೆಲವು ಹಿರಿಯರಿಗೆ ವಿಚಿತ್ರವೆನಿಸಬಹುದು. ಆದರೆ ಧರ್ಮಪುರಿಗೂ ಸೇಲಂಗೂ ನಡುವೆ ತೊಪ್ಪೂರು ಘಾಟಿಯನ್ನು ಹತ್ತಿ ಇಳಿದವರೆಲ್ಲರಿಗೂ ಸಂಬಂಧಪಟ್ಟ ವಿಷಯವಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ತಂದೆಯವರು ಲಾರಿ ಚಾಲಕರಾಗಿದ್ದರು. ಇಂದಿನ 44ನೆಯ ರಾಷ್ಟ್ರೀಯ ಹೆದ್ದಾರಿಗೆ ಆಗ 7ನೆಯ ಸಂಖ್ಯೆ. ಸೇಲಂ ಕಡೆಗೆ ಇಳಿಯುವ ಮುನ್ನ ಅವರು ಲಾರಿ ನಿಲ್ಲಿಸಿ, ಚಕ್ರಗಳ ಬಳಿ ಕೈಯೊಡ್ಡಿ ಬಿಸಿ ನೋಡುತ್ತಿದ್ದರು. ಹತ್ತುವ ಗೇರಿನಲ್ಲಿಯೇ ಇಳಿಯಬೇಕು ಎಂಬುದು ಅವರ ಕಟ್ಟುನಿಟ್ಟು. ನಮ್ಮ ಮನೆಯಲ್ಲಿ ಅದು ಗಾದೆಯೇ ಆಗಿಹೋಗಿತ್ತು.

ಅಣ್ಣನ ಮಗ ಭಾರಿ ವಾಹನದ ಲೈಸೆನ್ಸು ಪಡೆದಾಗ, ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿದರೆ ಡೀಸೆಲ್ ಉಳಿಯುತ್ತದೆಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ತಾತನ ಮಾತು ಹಳೆಯ ಲಾರಿಗಳಿಗೆ ಮಾತ್ರ ಎಂದು ಅವನ ವಾದ. ನನಗೆ ದಿಗಿಲಾಯಿತು. 2024ರ ಜನವರಿಯಲ್ಲಿ ಇದೇ ಘಾಟಿಯಲ್ಲಿ ನಾಲ್ವರು ಮಡಿದ ಸರಣಿ ಅಪಘಾತದ ದೃಶ್ಯವನ್ನು ನಾವಿಬ್ಬರೂ ನೋಡಿದ್ದೆವು.

ಅವನ ಬಳಿ ಬೀಮ್‌ಎನ್‌ಜಿ ಡ್ರೈವ್ ಎಂಬ ಆಟವಿತ್ತು. ಜರ್ಮನಿಯ ಬ್ರೆಮೆನ್ ನಗರದ ಸಂಸ್ಥೆಯೊಂದು 2013ರಲ್ಲಿ ಮೊದಲು ಹೊರತಂದ ಆಟವಿದು. ಬಹುತೇಕ ಆಟಗಳಲ್ಲಿ ಕಾರೆಂದರೆ ಗಟ್ಟಿ ಪೆಟ್ಟಿಗೆ. ಇಲ್ಲಿ ಹಾಗಲ್ಲ. ನೂರಾರು ಬಿಂದುಗಳನ್ನು ಸಾವಿರಾರು ಅದೃಶ್ಯ ತೊಲೆಗಳಿಂದ ಬಿಗಿದ ಜಾಲವೇ ವಾಹನ. ಯಾವ ತೊಲೆ ಎಷ್ಟು ಬಾಗಿತು, ಯಾವುದು ಮುರಿಯಿತು ಎಂಬುದನ್ನು ಕಂಪ್ಯೂಟರು ಸೆಕೆಂಡಿಗೆ 2000 ಸಲ ಲೆಕ್ಕ ಹಾಕುತ್ತದೆ. ಬ್ರೇಕು ಕಾದು ಸೋಲುವುದೂ ಆ ಲೆಕ್ಕದಲ್ಲಿ ಸೇರಿದೆ. ಗಾಜು ಪುಡಿಯಾಗುವ ಸದ್ದಿಗೆ ಹುಡುಗರು ಚಪ್ಪಾಳೆ ತಟ್ಟುವುದು ಮಾತ್ರ ನನಗೆ ಇಂದಿಗೂ ಹಿಡಿಸದು.

ಒಂದು ಭಾನುವಾರ, ಭಾರ ತುಂಬಿದ ಲಾರಿಯನ್ನು ಆಟದ ಬೆಟ್ಟದ ಮೇಲಿಂದ ನ್ಯೂಟ್ರಲ್ಲಿನಲ್ಲಿ ಇಳಿಸೆಂದೆ. ಮೊದಲೆರಡು ತಿರುವುಗಳನ್ನು ಬ್ರೇಕು ಒತ್ತಿ ದಾಟಿದ. ಮೂರನೆಯದರಲ್ಲಿ ಒತ್ತಿದರೂ ವೇಗ ಇಳಿಯಲಿಲ್ಲ. ತಡೆಗೋಡೆ ಮುರಿಯಿತು, ಚಾಲಕನ ಕೋಣೆ ಕಾಗದದಂತೆ ಮುದುಡಿತು. ಅವನು ನಕ್ಕ. ಒಂದು ಕೀಲಿ ಒತ್ತಿದೊಡನೆ ಲಾರಿ ಮತ್ತೆ ಹೊಸದಾಯಿತು. ಎರಡನೆಯ ಸಲವೂ ಹೆಚ್ಚುಕಡಿಮೆ ಅದೇ ಗತಿ. ಮೂರನೆಯ ಸಲ ಅವನು ನಗಲಿಲ್ಲ. ಅನಂತರ ಕೆಳಗಿನ ಗೇರಿನಲ್ಲಿ ಇಳಿಸಿದ. ನೋಡಲು ಬೇಸರವಾಗುವಷ್ಟು ನಿಧಾನವಾಗಿ ಲಾರಿ ಬುಡ ತಲುಪಿತು.

ಕಾರಣ ಹೇಳುವಾಗ ನಮ್ಮ ಶಾಲೆಯ ವಿಜ್ಞಾನ ಪಾಠದ ಕನ್ನಡ ಪದಗಳೇ ನನ್ನ ನಾಲಿಗೆಗೆ ಬಂದವು: ಪ್ರಚ್ಛನ್ನ ಶಕ್ತಿ, ಚಲನ ಶಕ್ತಿ, ಘರ್ಷಣೆ. 25 ಟನ್ ತೂಕದ ಲಾರಿ 100 ಮೀಟರ್ ಎತ್ತರ ಇಳಿದರೆ ಸುಮಾರು 2.45 ಕೋಟಿ ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. 70 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ತಡೆಯುತ್ತದೆ. ನ್ಯೂಟ್ರಲ್ಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ಪಾಲಿಗೆ. ಇನ್ನು ಡೀಸೆಲ್ಲಿನ ಮಾತು. ಇಂದಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಡೀಸೆಲ್ ಉರಿಯಲೇಬೇಕು. ಉಳಿತಾಯದ ಆ ಮಾತು ಕೇಳಿ ಅವನು ತನ್ನ ಫೋನಿನಲ್ಲಿ ಬಹಳ ಹೊತ್ತು ಹುಡುಕಿ ನೋಡಿ, ಸುಮ್ಮನಾದ.

ಈಗ ಅವನು ಕೃಷ್ಣಗಿರಿಯಿಂದ ಸೇಲಂಗೆ ಸರಕು ಒಯ್ಯುತ್ತಾನೆ. ತೊಪ್ಪೂರು ಇಳಿದ ಮೇಲೆ ನನಗೊಂದು ಫೋನು ಮಾಡುವುದು ರೂಢಿಯಾಗಿದೆ.

ಆ ಆಟದಲ್ಲಿ ಆಡುವವರೇ ಹೊಸ ದಾರಿಗಳನ್ನು ರಚಿಸಿ ಸೇರಿಸಬಹುದಂತೆ. ನಮ್ಮ ಶಾಲೆಯ ಕಂಪ್ಯೂಟರ್ ಬಲ್ಲ ಮಕ್ಕಳು ಇರಟ್ಟೈ ಪಾಲಂ ಸಮೇತ ತೊಪ್ಪೂರು ಘಾಟಿಯನ್ನು ರಚಿಸಿ, ಎಚ್ಚರಿಕೆಯ ಫಲಕಗಳನ್ನು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಬರೆದರೆ, ಮೊದಲು ಇಳಿಯಲು ನಮ್ಮ ಹುಡುಗನನ್ನು ಕಳುಹಿಸಿಕೊಡುತ್ತೇನೆ.